ಸುರಿದ ಕಲ್ಲು

ಹಣಮಂತ್ರಾಯನಿಗೆ ಸಿಟ್ಟು ಬಂದದ್ದು ಬುಧವಾರ ಮಧ್ಯಾಹ್ನ, ಲ್ಯಾಬಿನ ಹೊರಗೆ ನಿಂತು ಚಹಾ ಕುಡಿಯುವಾಗ. ಎರಡು ದಿನ ಮೊದಲೇ ಬರಬೇಕಿತ್ತು, ತನಗೇ ತಿಳಿಯಲಿಲ್ಲ ಎಂದು ಆಮೇಲೆ ಹೆಂಡತಿ ಭೀಮಮ್ಮನ ಮುಂದೆ ಹೇಳಿಕೊಂಡ.

ಅವನು ಜೇವರ್ಗಿ ಕಡೆಯವನು. ಇಪ್ಪತ್ತೆರಡು ವರ್ಷದ ಹಿಂದೆ ಗಾರೆ ಕೆಲಸಕ್ಕೆಂದು ನವಿ ಮುಂಬಯಿಗೆ ಬಂದಾಗ, ರಬಾಳೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ ಉದ್ದನೆಯ ತೊಟ್ಟಿ ಕಟ್ಟುವ ಗುಂಪಿಗೆ ಸೇರಿಕೊಂಡಿದ್ದ. ನಲವತ್ತು ಮೀಟರ್ ಉದ್ದ, ಒಂದು ಬದಿಗೆ ಪೂರ್ತಿ ಗಾಜು. ಕೆಲಸ ಮುಗಿದು ಉಳಿದವರೆಲ್ಲ ಬೇರೆ ಸೈಟಿಗೆ ಹೋದರೂ ಅವನು ಅಲ್ಲೇ ಉಳಿದ. ಆ ತೊಟ್ಟಿಯ ಒಂದು ತುದಿಯಲ್ಲಿ ಉಕ್ಕಿನ ಹಲಗೆ ಹಿಂದೆ ಮುಂದೆ ಆಡಿ ಅಲೆ ಎಬ್ಬಿಸುತ್ತದೆ. ಇನ್ನೊಂದು ತುದಿಯಲ್ಲಿ ಬಂದರಿನ ತಡೆಗೋಡೆಯನ್ನೋ ಜೆಟ್ಟಿಯನ್ನೋ ಮೂವತ್ತರಲ್ಲಿ ಒಂದು ಪಾಲಿನ ಅಳತೆಗೆ ಕಟ್ಟಿ ನಿಲ್ಲಿಸುತ್ತಾರೆ. ಕಡಲಿನಲ್ಲಿ ಕಟ್ಟುವ ಮೊದಲು ಅದು ಬಿರುಗಾಳಿಗೆ ತಾಳುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಖಾಸಗಿ ಲ್ಯಾಬು ಅದು.

ಮಾದರಿ ಕಟ್ಟುವ ಕೆಲಸ ಹಣಮಂತ್ರಾಯನದು. ಕಲ್ಲುಗಳನ್ನು ಒಂದೊಂದಾಗಿ ತೂಗಬೇಕು, ಗೋಡೆಯ ಕೆಳಭಾಗದವಕ್ಕೆ ನೀಲಿ, ನಡುವಿನವಕ್ಕೆ ಹಳದಿ, ನೀರಿನ ಮಟ್ಟದವಕ್ಕೆ ಕೆಂಪು ಬಣ್ಣ ಬಳಿಯಬೇಕು. ಅಲೆ ನಿಂತ ಮೇಲೆ ಯಾವ ಬಣ್ಣದ ಕಲ್ಲು ಎಲ್ಲಿಗೆ ಉರುಳಿದೆ ಎಂದು ಎಣಿಸಬೇಕು. ಮುಖ್ಯವಾದ ಇನ್ನೊಂದು ನಿಯಮವಿತ್ತು. ಹೊರಮೈಯ ಕಲ್ಲುಗಳನ್ನು ಕೈಯಿಂದ ಜೋಡಿಸುವಂತಿಲ್ಲ, ಬಕೆಟ್ಟಿನಿಂದ ಸುರಿಯಬೇಕು. ಇದನ್ನು ಅವನಿಗೆ ಕಲಿಸಿದವರು ಲ್ಯಾಬಿನ ಮುಖ್ಯಸ್ಥ ಸುದರ್ಶನ. ಪುತ್ತೂರಿನ ಕಡೆಯ ಅವರು ಆಗ ಹೊಸದಾಗಿ ಪಿಎಚ್‌ಡಿ ಮುಗಿಸಿ ಬಂದಿದ್ದರು. ಪ್ಯಾಂಟು ಮೊಣಕಾಲಿಗೆ ಮಡಚಿ ತೊಟ್ಟಿಗಿಳಿದು ತಾವೇ ಬಕೆಟ್ಟು ಹಿಡಿದಿದ್ದರು. ಕಡಲಿನಲ್ಲಿ ಕ್ರೇನು ಕಲ್ಲು ಬಿಡುತ್ತದೆ, ಬಿದ್ದ ಹಾಗೆ ಕೂರುತ್ತದೆ, ಇಲ್ಲಿ ನಾವು ಚಂದ ಮಾಡಿ ಜೋಡಿಸಿದರೆ ಅಲ್ಲಿ ಜನ ಸಾಯುತ್ತಾರೆ ಎಂದು ಹೇಳಿದ್ದರು. ಶಾಲೆ ಕಲಿಯದ ಹಣಮಂತ್ರಾಯನಿಗೆ ಆ ಮಾತು ಪೂರ್ತಿ ಅರ್ಥವಾಗಿತ್ತು. ಸುದರ್ಶನರ ಮೇಲೆ ಅವನಿಗಿದ್ದ ಗೌರವವೂ ಅಲ್ಲಿಂದಲೇ ಶುರುವಾದದ್ದು.

ಈ ಸಲ ಬಂದದ್ದು ಕೊಂಕಣ ದಂಡೆಯ ಒಂದು ಸಣ್ಣ ಮೀನುಗಾರಿಕೆ ಬಂದರಿನ ತಡೆಗೋಡೆ. ಮೊದಲ ನಕ್ಷೆಯಲ್ಲಿ ಐದು ಟನ್ನಿನ ಕಲ್ಲು ಬರೆದಿತ್ತು. ಹತ್ತಿರದ ಕ್ವಾರಿಯಲ್ಲಿ ಅಷ್ಟು ದೊಡ್ಡದು ಸಿಗುವುದಿಲ್ಲ, ಮೂರು ಟನ್ನಿನದು ಸಾಕೆಂದು ಪರೀಕ್ಷೆ ಮಾಡಿ ಕೊಡಿ ಎಂದು ಗುತ್ತಿಗೆ ಕಂಪನಿ ಕೇಳಿತ್ತು. ಶನಿವಾರ ಹಣಮಂತ್ರಾಯ, ಮಾದರಿಯ ಲೆಕ್ಕಕ್ಕೆ ಮೂರು ಟನ್ನಿಗೆ ಸಮವಾಗುವ ನೂರಹತ್ತು ಗ್ರಾಂ ತೂಕದ ಕಲ್ಲು ಸುರಿದು ಗೋಡೆ ಕಟ್ಟಿದ. ಎಂಜಿನಿಯರ್ ವಿನೋದಾ ಕಂಪ್ಯೂಟರಿನ ಮುಂದೆ ಕೂತು ಹತ್ತು ಸೆಂಟಿಮೀಟರಿನ ಅಲೆ ಬಿಟ್ಟಳು. ಕಡಲಲ್ಲಿ ಅದು ಮೂರು ಮೀಟರ್. ಅರ್ಧ ಗಂಟೆಗೆ ಅರವತ್ತೊಂದು ಕಲ್ಲು ಉರುಳಿ, ಗೋಡೆಯ ನಡುವೆ ಗುಂಡಿ ಬಿದ್ದು ಒಳಗಿನ ಜಲ್ಲಿ ಕಾಣಿಸಿತು.

ಸೋಮವಾರ ಸುದರ್ಶನರು ಬಂದು, ಅದೇ ಕಲ್ಲನ್ನು ಈ ಸಲ ಕೈಯಿಂದ ಒತ್ತಿ, ಸಂದಿಲ್ಲದ ಹಾಗೆ ಕೂರಿಸು ಎಂದರು. ಹೋಲಿಸಿ ನೋಡಲಿಕ್ಕೆ ಇರಬೇಕೆಂದು ಹಣಮಂತ್ರಾಯ ತಿಳಿದ. ಕೆಲಸ ಚೆನ್ನಾಗಿಯೇ ಮಾಡಿದ. ಒಂದರ ಹೊಟ್ಟೆಗೆ ಇನ್ನೊಂದರ ಮೂಲೆ ಸೇರಿಸಿ, ಮನೆಯ ಮುಂದಿನ ಕಟ್ಟೆ ಕಟ್ಟಿದ ಹಾಗೆ ಕಟ್ಟಿದ. ಮಂಗಳವಾರ ಅದೇ ಅಲೆಗೆ ನಾಲ್ಕೇ ಕಲ್ಲು ಅಲುಗಿದವು.

ಬುಧವಾರ ಚಹಾದ ಹೊತ್ತಿಗೆ ವಿನೋದಾ ಹೊರಗೆ ಬಂದಳು. ಉಡುಪಿ ಮೂಲದ ಅವಳು ಹುಟ್ಟಿ ಬೆಳೆದದ್ದು ಮುಂಬಯಿ ಪಕ್ಕದ ಠಾಣೆ ಪಟ್ಟಣದಲ್ಲಿ, ಲ್ಯಾಬಿಗೆ ಸೇರಿ ಒಂಬತ್ತು ವರ್ಷ. ಶುಕ್ರವಾರ ಬಂದರು ಇಲಾಖೆಯವರೂ ಮೀನುಗಾರರ ಸೊಸೈಟಿಯವರೂ ಪರೀಕ್ಷೆ ನೋಡಲು ಬರುತ್ತಾರೆ, ಅವರಿಗೆ ತೋರಿಸುವುದು ಕೈಯಿಂದ ಜೋಡಿಸಿದ ಈ ಗೋಡೆಯನ್ನೇ ಎಂದು ಹೇಳಿದಳು. ಶನಿವಾರದ ಪರೀಕ್ಷೆ ರಿಪೋರ್ಟಿನಲ್ಲಿ ಇರುವುದಿಲ್ಲ. ಅಷ್ಟು ಹೇಳಿ ಅವಳು ಅವನ ಮುಖ ನೋಡದೆ ಒಳಗೆ ಹೋದಳು.

ಹಣಮಂತ್ರಾಯ ಅರ್ಧ ಚಹಾ ಚೆಲ್ಲಿ ನೇರ ಸುದರ್ಶನರ ಕ್ಯಾಬಿನ್ನಿಗೆ ನಡೆದ. ಒಳಗೆ ಬರಲೇ ಎಂದು ಕೇಳಲಿಲ್ಲ.

"ಸಾಹೇಬ್ರ, ಕ್ರೇನಿಗೆ ಕೈ ಅವ ಏನ್ರಿ? ನಾ ಜೋಡಿಸಿದಂಗ ಅದು ಜೋಡಿಸ್ತದ?"

ಸುದರ್ಶನರು ಮೊದಲು ಸಮಾಧಾನದಿಂದಲೇ ಮಾತಾಡಿದರು. ಈ ಕಂಪನಿ ಮುಂದೆ ಇನ್ನೂ ಮೂರು ಬಂದರಿನ ಕೆಲಸ ಕೊಡಲಿದೆ, ಅದು ಕೈತಪ್ಪಿದರೆ ಲ್ಯಾಬಿನ ಬಾಗಿಲು ಮುಚ್ಚಬೇಕಾಗುತ್ತದೆ ಎಂದರು. ಕಲ್ಲನ್ನು ಜೋಡಿಸಿಯೇ ಇಡಬೇಕು ಎಂದು ರಿಪೋರ್ಟಿನ ಕೊನೆಯ ಪುಟದಲ್ಲಿ ಒಂದು ಸಾಲು ಬರೆಯುತ್ತೇನೆ ಎಂದೂ ಸೇರಿಸಿದರು. ಆ ಸಾಲನ್ನು ಯಾರು ಓದುತ್ತಾರೆ, ಮುಳುಗಿದ ಗೋಡೆಯ ಬುಡಕ್ಕೆ ಹೋಗಿ ಯಾರು ಜೋಡಿಸುತ್ತಾರೆ ಎಂದು ಹಣಮಂತ್ರಾಯ ಕೇಳಿದಾಗ ಅವರ ದನಿ ಬದಲಾಯಿತು.

"ನೋಡು ಹಣಮಂತ, ನೀನು ಇಲ್ಲಿ ಹೆಲ್ಪರ್. ಹೇಳಿದ ಕೆಲಸ ಮಾಡು, ಇಂಜಿನಿಯರಿಂಗ್ ನನಗೆ ಬಿಡು."

ಅವತ್ತು ಠಾಣೆಯಲ್ಲಿ ಗಾಡಿ ಬದಲಿಸಿ ಟಿಟ್ವಾಳಾ ಲೋಕಲ್ ರೈಲು ಹತ್ತಿದ ಮೇಲೂ ಅವನ ಕಿವಿ ಬಿಸಿಯಾಗಿಯೇ ಇತ್ತು. ಹೆಲ್ಪರ್ ಎಂದದ್ದಕ್ಕಿಂತ ಹೆಚ್ಚಾಗಿ, ತನ್ನ ಕೈಯಿಂದಲೇ ಸುಳ್ಳು ಕಟ್ಟಿಸಿದರಲ್ಲ ಎಂಬುದು ಅವನನ್ನು ಸುಡುತ್ತಿತ್ತು. ಡೊಂಬಿವಲಿಯಲ್ಲಿ ಇಳಿಯುವವನೊಬ್ಬ ಕಾಲು ತುಳಿದದ್ದಕ್ಕೆ ಹೊಡೆಯಲು ಹೋಗಿ, ತಡೆದುಕೊಂಡ. ಮನೆಯಲ್ಲಿ ಭೀಮಮ್ಮ ಎಲ್ಲ ಕೇಳಿದಳು. ಆ ಗೋಡೆಯ ಹಿಂದೆ ಎಷ್ಟು ದೋಣಿ ನಿಲ್ಲುತ್ತವೆ ಎಂದಳು. ನಕ್ಷೆಯಲ್ಲಿ ನೂರಾ ಇಪ್ಪತ್ತು ಬರೆದಿದೆ ಎಂದ. ಅವಳು ರೊಟ್ಟಿ ತಟ್ಟಿದಳು. ಈಗ ಏನು ಮಾಡಲಿ ಎಂದು ಅವನು ಕೇಳಿದ್ದಕ್ಕೆ, ನಿಮಗ ಏನ್ ಮಾಡಬೇಕಂತ ಗೊತ್ತದ, ನನ್ನ ಯಾಕ್ ಕೇಳ್ತೀರಿ ಎಂದಳು.

ಶುಕ್ರವಾರ ಅವನು ಬೆಳಗಿನ ಮೊದಲ ಲೋಕಲ್ ಹಿಡಿದ. ಶೆಡ್ಡಿನ ಕೀಲಿ ಅವನ ಹತ್ತಿರವೇ ಇರುತ್ತಿತ್ತು. ತೊಟ್ಟಿಯ ನೀರು ಇಳಿಸಿ, ಕೈಯಿಂದ ಜೋಡಿಸಿದ ಹೊರಮೈ ಪೂರ್ತಿ ಕಿತ್ತ. ಆಮೇಲೆ ಬಣ್ಣದ ಪ್ರಕಾರ ಬಕೆಟ್ಟಿಗೆ ತುಂಬಿ, ಬುಡದಿಂದ ಮೇಲಕ್ಕೆ, ಮೊದಲು ಕಲಿತ ಹಾಗೆಯೇ ಸುರಿಯುತ್ತ ಬಂದ. ಒಂದು ಕಲ್ಲನ್ನೂ ಒತ್ತಲಿಲ್ಲ, ಬೇಕೆಂದು ಸಡಿಲವನ್ನೂ ಬಿಡಲಿಲ್ಲ. ಒಂಬತ್ತಕ್ಕೆ ವಿನೋದಾ ಬಂದಾಗ ಮೇಲಿನ ಕೆಂಪು ಪಟ್ಟಿ ಮುಗಿಯುತ್ತಿತ್ತು. ಗೋಡೆ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಬ್ಯಾಗು ಕೆಳಗಿಟ್ಟಳು. ತಡೆಯುತ್ತಾಳೆಂದು ಅವನು ಕಾದ. ಅವಳು ನೀರು ಬಿಡುವ ವಾಲ್ವು ತಿರುಗಿಸಿ, ಅಲೆ ಅಳೆಯುವ ಕಡ್ಡಿಗಳನ್ನು ಸರಿಮಾಡಲು ಹೋದಳು.

ಹನ್ನೊಂದು ಗಂಟೆಗೆ ಎಲ್ಲರೂ ಬಂದರು. ಇಲಾಖೆಯ ಎಂಜಿನಿಯರ್, ಗುತ್ತಿಗೆ ಕಂಪನಿಯ ಮ್ಯಾನೇಜರು, ಮೀನುಗಾರರ ಸೊಸೈಟಿಯಿಂದ ಅಧ್ಯಕ್ಷೆ ವನಮಾಲಾಬಾಯಿ ಮತ್ತು ಒಬ್ಬ ಮುದುಕ. ಸುದರ್ಶನರು ಗೋಡೆಯ ಕಡೆ ಸರಿಯಾಗಿ ನೋಡದೆಯೇ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ವಿವರಿಸತೊಡಗಿದರು. ಸಣ್ಣ ಅಲೆಗೆ ಏನೂ ಆಗಲಿಲ್ಲ. ದೊಡ್ಡ ಅಲೆ ಶುರುವಾಗಿ ಹತ್ತು ನಿಮಿಷಕ್ಕೆ ಗಾಜಿನ ಹಿಂದೆ ಒಂದು ಕೆಂಪು ಕಲ್ಲು ಎದ್ದು ನೀಲಿಯವುಗಳ ಮೇಲೆ ಬಿತ್ತು. ಆಮೇಲೆ ಎರಡು, ಆಮೇಲೆ ಒಟ್ಟಿಗೆ ಐದಾರು. ಮುದುಕ ಗಾಜಿಗೆ ಮೂಗು ತಾಗಿಸಿ ನಿಂತಿದ್ದ. ಇಪ್ಪತ್ತೈದು ನಿಮಿಷಕ್ಕೆ ಗೋಡೆಯ ಹೆಗಲು ಕುಸಿದು ನೀರು ಹಿಂದಿನ ಬಂದರಿಗೆ ಹಾರತೊಡಗಿತು.

ಸುದರ್ಶನರು ಹಣಮಂತ್ರಾಯನ ಕಡೆ ಒಮ್ಮೆ ನೋಡಿದರು. ನಂತರ ಅತಿಥಿಗಳಿಗೆ ಕ್ಷಮೆ ಕೇಳಿ, ಹೆಲ್ಪರ್ ಕಲ್ಲು ಹಾಕುವುದರಲ್ಲಿ ತಪ್ಪು ಮಾಡಿದ್ದಾನೆ, ಸೋಮವಾರ ಮತ್ತೆ ತೋರಿಸುತ್ತೇವೆ ಎಂದರು.

ಹಣಮಂತ್ರಾಯ ಖಾಲಿ ಬಕೆಟ್ಟು ಎತ್ತಿಕೊಂಡು ಎಲ್ಲರ ನಡುವೆ ಬಂದು ನಿಂತ. ಇಲಾಖೆಯವರಿಗೆ ಹಿಂದಿಯಲ್ಲಿ, ನನ್ನ ಕೈಯಿಂದ ತಪ್ಪಾಗಿದ್ದರೆ ನಾನು ಹಾಕುವುದೇ ಬೇಡ, ಕಡಲಲ್ಲಿ ಕ್ರೇನು ಸುರಿಯುವ ಹಾಗೆ ನೀವೇ ಸುರಿದು ನೋಡಿ ಎಂದ. ಆಮೇಲೆ ಸುದರ್ಶನರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

"ಇಲ್ಲಂದ್ರ ನೀವು ಇಳೀರಿ ಸಾಹೇಬ್ರ. ನನಗ ಕಲಿಸಿದವ್ರು ನೀವೇ ಅಲ್ರಿ? ಹ್ಯಾಂಗ ಹಾಕಬೇಕಂತ ಎಲ್ಲಾರ ಮುಂದ ತೋರಸ್ರಿ."

ಸುದರ್ಶನರು ಇಳಿಯಲಿಲ್ಲ. ಮ್ಯಾನೇಜರು ಹೊತ್ತಾಯಿತು ಎಂದು ಗೊಣಗಿದ. ವನಮಾಲಾಬಾಯಿ ಸೀರೆಯ ಕಚ್ಚೆ ಬಿಗಿಮಾಡಿಕೊಂಡು, ನಾನು ಸುರಿಯುತ್ತೇನೆ ಎಂದು ಬಕೆಟ್ಟು ಕೇಳಿದಳು. ಇಲಾಖೆಯವರು ಒಂದು ಗಳಿಗೆ ಯೋಚಿಸಿ ಸರಿ ಎಂದರು. ನೀರಿಳಿಸಿ, ಕುಸಿದ ಭಾಗವನ್ನೆಲ್ಲ ತೆಗೆದು, ಅವಳೂ ಆ ಮುದುಕನೂ ಬಕೆಟ್ಟಿನ ಮೇಲೆ ಬಕೆಟ್ಟು ಕಲ್ಲು ಸುರಿದರು. ಹಣಮಂತ್ರಾಯ ತುಂಬಿ ಕೊಟ್ಟ ಅಷ್ಟೇ, ಗೋಡೆಗೆ ಕೈ ಹಚ್ಚಲಿಲ್ಲ. ಊಟದ ಹೊತ್ತು ಮೀರಿದರೂ ಯಾರೂ ಹೋಗಲಿಲ್ಲ. ಮೂರು ಗಂಟೆಗೆ ಮತ್ತೆ ಅದೇ ಅಲೆ ಬಿಟ್ಟರು. ಗೋಡೆ ಅದೇ ಜಾಗದಲ್ಲಿ ಕುಸಿಯಿತು.

ವನಮಾಲಾಬಾಯಿ ಮ್ಯಾನೇಜರನ ಕಡೆ ತಿರುಗಿ, ಇದರ ಹಿಂದೆ ನಮ್ಮ ದೋಣಿ ಕಟ್ಟಿ ನಾವು ಮನೆಯಲ್ಲಿ ಮಲಗಬೇಕಿತ್ತಾ ಎಂದು ಮರಾಠಿಯಲ್ಲಿ ಕೇಳಿದಳು. ಇಲಾಖೆಯವರು ವಿನೋದಾಳನ್ನು, ಇದಕ್ಕೂ ಮೊದಲು ಹೀಗಾಗಿತ್ತೇ ಎಂದು ಕೇಳಿದರು. ಸುದರ್ಶನರು ಅವಳ ಬದಲು ಉತ್ತರ ಕೊಡಲು ಹೊರಟರು.

"ಸರ್, ನನ್ನನ್ನು ಕೇಳಿದ್ದು ಅವರು," ಎಂದು ವಿನೋದಾ ಕನ್ನಡದಲ್ಲೇ ತಡೆದಳು. ಶನಿವಾರವೂ ಗೋಡೆ ಬಿದ್ದಿತ್ತು, ಫೈಲೂ ವಿಡಿಯೋವೂ ತನ್ನ ಹತ್ತಿರ ಇದೆ ಎಂದು ನಂತರ ಇಂಗ್ಲಿಷಿನಲ್ಲಿ ಹೇಳಿದಳು.

ಅವತ್ತು ಸಂಜೆಯೇ ಹಣಮಂತ್ರಾಯನ ಕೈಯಿಂದ ಕೀಲಿ ಇಸಿದುಕೊಂಡರು. ಗೇಟಿನ ತನಕ ವಾಚ್‌ಮನ್ ಜೊತೆಗೆ ಬಂದ, ಕಳ್ಳನನ್ನು ಬಿಡಲು ಬಂದವನ ಹಾಗೆ. ಹಿಂದಿನ ಇಪ್ಪತ್ತೆರಡು ವರ್ಷದಲ್ಲಿ ಆ ಗೇಟಿನಲ್ಲಿ ಯಾರೂ ಅವನ ಚೀಲ ತೆರೆಸಿರಲಿಲ್ಲ. ಅವತ್ತು ತೆರೆಸಿದರು. ಒಳಗೆ ಊಟದ ಡಬ್ಬಿ, ಒಂದು ಟವೆಲು.

ಹದಿನೈದು ದಿನದ ಮೇಲೆ ಸುದರ್ಶನರು ಫೋನು ಮಾಡಿ ಠಾಣೆಗೆ ಕರೆದರು. ರೈಲ್ವೆ ಸ್ಟೇಶನ್ ಹತ್ತಿರದ ಹೋಟೆಲಿನ ಮೂಲೆ ಟೇಬಲಿನಲ್ಲಿ ಕೂತಿದ್ದರು. ಮುಂದೆ ಇಟ್ಟ ಇಡ್ಲಿ ಹಾಗೆಯೇ ಇತ್ತು. ಇಲಾಖೆ ವಿವರಣೆ ಕೇಳಿದೆ, ಗುತ್ತಿಗೆ ಕಂಪನಿ ದೂರ ಸರಿದಿದೆ. ಹೊರಗಿನವರು ಸುರಿದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶನಿವಾರವೂ ಶುಕ್ರವಾರವೂ ಸಂಬಳದ ಜಗಳಕ್ಕೆ ಬೇಕೆಂದೇ ನಾನು ಕಲ್ಲು ಸಡಿಲ ಹಾಕಿದೆ ಎಂದು ಒಂದು ಪತ್ರಕ್ಕೆ ಸಹಿ ಹಾಕಿದರೆ, ಸ್ವಲ್ಪ ತಿಂಗಳ ಮೇಲೆ ಟೆಕ್ನಿಷಿಯನ್ ಎಂದು ಮತ್ತೆ ತೆಗೆದುಕೊಳ್ಳುವುದಾಗಿ ಹೇಳಿದರು. ಹದಿನಾಲ್ಕು ಜನರ ಮನೆ ಈ ಲ್ಯಾಬಿನಿಂದ ನಡೆಯುತ್ತಿದೆ ಮಾರಾಯ ಎಂದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅದನ್ನು ನೋಡಿ ಹಣಮಂತ್ರಾಯನಿಗೆ ಕನಿಕರ ಬರಲಿಲ್ಲ, ಇನ್ನಷ್ಟು ಉರಿಯಿತು.

"ಅವತ್ತು ನೀವು ತೊಟ್ಟಿಯೊಳಗ ನಿಂತು ಹೇಳಿದ್ರಿ, ಚಂದ ಮಾಡಿ ಜೋಡಿಸಿದ್ರ ಜನ ಸಾಯ್ತಾರಂತ. ನಾ ಅದನ್ನ ನಂಬಿ ಇಷ್ಟು ವರ್ಷ ದುಡದೀನಿ. ಸುಳ್ಳಂದ್ರ ಸುಳ್ಳಂತ ಈಗ ಹೇಳ್ರಿ, ಸಹಿ ಹಾಕ್ತೀನಿ."

ಸುದರ್ಶನರು ಪತ್ರ ಮಡಚಿ ಕಿಸೆಗಿಟ್ಟರು. ಹಣಮಂತ್ರಾಯ ತನ್ನ ಚಹಾದ ದುಡ್ಡು ತಾನೇ ಕೊಟ್ಟು ಎದ್ದ.

ಆಮೇಲೆ ಅವನಿಗೆ ಕಲ್ಯಾಣದ ಗ್ರಾನೈಟ್ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಸ್ಲ್ಯಾಬ್ ಇಳಿಸುವುದು, ಕತ್ತರಿಸಲು ಗುರುತು ಹಾಕುವುದು. ವಿನೋದಾ ಲ್ಯಾಬು ಬಿಟ್ಟು ಬೇರೆ ಕಡೆ ಸೇರಿದಳು. ಅವಳೇ ಒಂದು ದಿನ ಫೋನು ಮಾಡಿ ಸುದ್ದಿ ಹೇಳಿದಳು. ಬೇರೊಂದು ಸಂಸ್ಥೆಯಲ್ಲಿ ಮರುಪರೀಕ್ಷೆಯಾಗಿ ಐದು ಟನ್ನಿನ ಕಲ್ಲೇ ಬೇಕೆಂದು ತೀರ್ಮಾನವಾಗಿತ್ತು, ದೂರದ ಕ್ವಾರಿಯಿಂದ ತರಿಸಲು ಆದೇಶವೂ ಆಗಿತ್ತು. ಸುದರ್ಶನರ ಲ್ಯಾಬು ಮುಚ್ಚಿರಲಿಲ್ಲ, ಯಾವುದೋ ಜೆಟ್ಟಿಯ ಕೆಲಸ ನಡೆಯುತ್ತಿತ್ತು. ಇದನ್ನು ಕೇಳಿ ಹಣಮಂತ್ರಾಯ ಫೋನನ್ನು ಹಾಸಿಗೆಯ ಮೇಲೆ ಎಸೆದ. ಅವರಿಗೇನೂ ಆಗಲಿಲ್ಲ, ತಾನು ಮಾತ್ರ ಸ್ಲ್ಯಾಬು ಹೊರುತ್ತಿದ್ದೇನೆ ಎಂದು ಭೀಮಮ್ಮನ ಮುಂದೆ ಕೂಗಾಡಿದ.

ಗೋಡೆಯ ಕೆಲಸ ಶುರುವಾದಾಗ ವನಮಾಲಾಬಾಯಿ ಅವನ ನಂಬರು ಹುಡುಕಿ ಫೋನು ಮಾಡಿ, ಹೆಂಡತಿಯನ್ನು ಕರೆದುಕೊಂಡು ಬಂದು ನೋಡಿ ಹೋಗು ಎಂದಳು. ಅವನು ಒಲ್ಲೆ ಎಂದ. ಭೀಮಮ್ಮ ಬಿಡಲಿಲ್ಲ.

"ನಿಮ್ಮ ಸಿಟ್ಟು ಇಳಿಯೂತನಕ ಕುಂತ್ರ ಗ್ವಾಡಿ ಕಟ್ಟಿ ಮುಗೀತದ. ಸಿಟ್ಟು ತಗೊಂಡೇ ನಡೀರಿ."

ಒಂದು ಭಾನುವಾರ ಇಬ್ಬರೂ ಬಸ್ಸು ಹತ್ತಿ ಹೋದರು. ವನಮಾಲಾಬಾಯಿಯ ಮನೆಯಲ್ಲಿ ಊಟಕ್ಕೆ ಬಾಂಗಡೆ ಮೀನು ಕಾದಿತ್ತು. ಆದರೆ ಹಣಮಂತ್ರಾಯ ಬಂದರಿನ ಹಾದಿಯಲ್ಲಿದ್ದ ಲಾರಿ ತೂಗುವ ವೇಬ್ರಿಜ್ಜಿನ ಹತ್ತಿರವೇ ನಿಂತುಬಿಟ್ಟ. ಲಾರಿಗಳು ಒಂದೊಂದಾಗಿ ಬರುತ್ತಿದ್ದವು. ಈ ಲಾರಿಯ ಕಲ್ಲಿನ ತೂಕ ತೋರಿಸು ಎಂದು ಅಲ್ಲಿನ ಗುಮಾಸ್ತನನ್ನು ಕೇಳಿದ. ನೀನು ಯಾರು ಎಂದು ಅವನು ಕೇಳುತ್ತಿದ್ದಂತೆ ಚೀಟಿ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದ. ನಾಲ್ಕನೆಯ ಲಾರಿಯಲ್ಲಿ ಎರಡು ಕಲ್ಲು ಐದು ಟನ್ನಿಗಿಂತ ಸಣ್ಣವಾಗಿ ಕಂಡವು. ಅವನ್ನು ಇಳಿಸಿ ಬೇರೆ ತೂಗಿ ಎಂದು ಲಾರಿಗೆ ಅಡ್ಡ ನಿಂತ. ಡ್ರೈವರು ಹಾರ್ನು ಬಾರಿಸಿದ, ಬೈದ. ವನಮಾಲಾಬಾಯಿ ಸೊಸೈಟಿಯ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದು ಅವನ ಪಕ್ಕದಲ್ಲಿ ನಿಂತಳು.

ಕಲ್ಲು ಇಳಿಸಿದರು.