ತೋರಿಕೆಗೆ ಉಳಿದ ಪಂಪು

ರಸ್ತೆಬದಿಗೆ ನಿಂತ ಹಳೆಯ ಕಾರಿನ ಬಾನೆಟ್ಟಿನೊಳಗೆ ಕೈಯಿಳಿಸಿ ಮಾವ ಪಂಪಿನ ಪುಟ್ಟ ಲಿವರನ್ನು ಒತ್ತುತ್ತಲೇ ಇದ್ದರು. ಹಿಂದೆಲ್ಲ ಎಂಜಿನ್ ಕಾದು ಕಾರು ನಿಂತರೆ ಹೀಗೆ ಒತ್ತಿಯೇ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಏರಿಸುತ್ತಿದ್ದರು. ಲಿವರ್ ಬೆರಳಿಗೆ ಬಿಗಿಯಾದರೆ ಕಾರು ಹೊರಟಿತೆಂದೇ ಲೆಕ್ಕ. ಇವತ್ತು ಅದು ಸಡಿಲವಾಗಿಯೇ ಆಡುತ್ತಿತ್ತು.

ನೀರಿನ ಬಾಟಲಿ ಹಿಡಿದು ನಿಂತ ಸೊಸೆಗೆ ಕಾರಣ ಗೊತ್ತಿತ್ತು. ಮಾವ ಮಗುವನ್ನು ಕೂರಿಸಿಕೊಂಡು ಹೋಗುವಾಗ ಕಾರು ರೈಲ್ವೆ ಗೇಟಿನ ನಡುವೆ ನಿಂತುಬಿಟ್ಟರೆ ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ಮಾವ ಮಗಳ ಮನೆಗೆ ಹೋಗಿದ್ದಾಗ ಗ್ಯಾರೇಜಿನಲ್ಲಿ ಟ್ಯಾಂಕಿನ ಹತ್ತಿರ ಕರೆಂಟಿನ ಪಂಪು ಹಾಕಿಸಿದ್ದಳು.

"ಹಳೇದು ಕೆಮ್ಮಿ ಕುಂಟಿ ಮೊದಲೇ ತಿಳಿಸುತ್ತೆ ಅಕ್ಕಾ. ಇದು ಹೋದ್ರೆ ಹೇಳದೇ ಕೇಳದೇ ಹೋಗುತ್ತೆ," ಎಂದಿದ್ದ ಮೆಕ್ಯಾನಿಕ್.

"ಹಳೇದನ್ನ ಬಿಚ್ಚಬೇಡಿ, ಮಾವನಿಗೆ ಬೇಜಾರಾಗುತ್ತೆ," ಎಂದಿದ್ದಳು. 'ಗೊತ್ತಾಗಬಾರದು' ಎನ್ನುವ ಮಾತನ್ನು ಬಾಯಿಂದ ಆಡಿರಲಿಲ್ಲ, ಅಷ್ಟೆ.

ಪೆಟ್ರೋಲ್ ಪೈಪುಗಳು ಹಳೆಯ ಪಂಪನ್ನು ಬಿಟ್ಟು ಬೇರೆ ದಾರಿ ಹಿಡಿದವು. ಆಮೇಲೆ ಕಾರು ಎಲ್ಲೂ ನಿಲ್ಲಲಿಲ್ಲ. "ನೋಡಿದ್ಯೇನಮ್ಮ, ನನ್ನ ಪಂಪು," ಎಂದು ಮಾವ ದಿನಾ ಬಾನೆಟ್ಟು ತಟ್ಟುತ್ತಿದ್ದರು. ಅವಳು "ಹೌದು ಮಾವ," ಎನ್ನುತ್ತಿದ್ದಳು.

"ಅಪ್ಪ, ಸಾಕು ಬಿಡಿ. ಕಾರಿಗೂ ವಯಸ್ಸಾಯ್ತು, ನಿಮಗೂ ಆಯ್ತು. ಮಾರ್ಬಿಡೋಣ," ಎಂದ ಗಂಡ ಸೀಟಿನಿಂದಲೇ.

ಮಾವ ಕೈ ಹೊರತೆಗೆದರು. ಬಿಸಿ ತಗುಲಿ ತೋರುಬೆರಳು ಕೆಂಪಾಗಿತ್ತು. "ಬೆರಳಲ್ಲಿ ಕಸುವಿಲ್ಲ ಕಣೋ," ಎನ್ನುತ್ತ ಕೀಲಿಯನ್ನು ಮಗನತ್ತ ಚಾಚಿದರು. "ತಗೋ. ಇನ್ಮೇಲೆ ನಾನು ಓಡಿಸಲ್ಲ."

ತಾನು ಸುಮ್ಮನಿದ್ದರೆ ಕಾರು ಮಾರಾಟವಾಗುತ್ತದೆ, ವಿಷಯ ಅದರ ಜೊತೆಗೇ ಹೋಗುತ್ತದೆ. ಅವಳು ಬಾನೆಟ್ಟಿನ ಹತ್ತಿರ ಬಂದಳು.

"ಮಾವ, ಆ ಪಂಪಿಗೆ ಪೆಟ್ರೋಲೇ ಬರಲ್ಲ. ಹಿಂದುಗಡೆ ಟ್ಯಾಂಕಿನ ಹತ್ರ ಕರೆಂಟಿನದು ಹಾಕಿಸಿದೀನಿ. ಕೆಟ್ಟು ನಿಂತಿರೋದು ಅದು. ನಿಮ್ಮ ಕೈದೇನೂ ತಪ್ಪಿಲ್ಲ."

"ಯಾವಾಗ?"

"ಬೇಸಿಗೇಲಿ. ನೀವು ಅತ್ತಿಗೆ ಮನೇಲಿದ್ದಾಗ."

"ಮತ್ತೆ ನಾನು ದಿನಾ ಹೊಗಳ್ತಿದ್ದದ್ದು?"

ಅವಳು ತಲೆ ತಗ್ಗಿಸಿದಳು.

ಮಾವ ಕೀಲಿಯನ್ನು ತಿರುಗಿ ತಮ್ಮ ಜೇಬಿಗೇ ಹಾಕಿಕೊಂಡರು. ಬೆರಳಿಗೆ ಹಾಕಿಕೊಳ್ಳಲೆಂದು ಅವಳು ನೀಡಿದ ನೀರನ್ನು ಮುಟ್ಟಲಿಲ್ಲ. ಕಾರಿನ ಹಿಂದೆ ಹೋಗಿ, ಮಂಡಿ ಹಿಡಿದುಕೊಂಡು ನಿಧಾನ ಕುಕ್ಕರಗಾಲಲ್ಲಿ ಕೂತರು.

"ಎಲ್ಲಿದೆ, ತೋರಿಸು."

ಅವಳು ಬಾಟಲಿ ಕೆಳಗಿಟ್ಟು ಜಲ್ಲಿಯ ಮೇಲೆ ಮೊಣಕಾಲೂರಿ, ಕಾರಿನಡಿಗೆ ಬೆರಳು ತೋರಿದಳು. ಮಾವ ಪಂಪನ್ನೇ ನೋಡುತ್ತಿದ್ದರು, ಅವಳನ್ನಲ್ಲ.