ಅರ ಹಾಕಿದವಳು

“ಏ ಸುಗಲಿ, ಮುಖಕ್ಕ ಸೆರಗ ಯಾಕ ಹಿಡ್ಕೊಂಡಿ? ನಿಮ್ಮ ಮನಿ ರಕ್ತನಾ ಐತಿ ಅದು, ನೀನಾ ತೊಳಿ. ಮಾಣಿಕಪ್ಪ ಯಾಕ ಕೈ ಹೊಲಸ ಮಾಡ್ಕೊಬೇಕು?”

ಚಂದ್ರಕಾಂತ ಸೇಠ ಮರ ಕೊಯ್ಯುವ ಮಿಷನ್ನನ್ನು ಕಾಲಿನಿಂದಲೇ ನನ್ನ ಕಡೆ ನೂಕಿದ. ನಾನು ಹೇಸಿಕೊಂಡು ಸೆರಗು ಹಿಡಿದಿರಲಿಲ್ಲ. ಒಳಗಿನಿಂದ ಬರುತ್ತಿದ್ದ ಅಳುವನ್ನು ಅದುಮಿ ಹಿಡಿದಿದ್ದೆ. ಅದು ನನ್ನ ತಮ್ಮ ಹುಲಗೇಶನನ್ನು ಕೊಂದ ಮಿಷನ್. ಅವನನ್ನು ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು.

ನಮ್ಮ ಭಾಷೆ ನಡೆಯದ ಈ ಪರರಾಜ್ಯದ ಶಹರದಲ್ಲಿ, ಕೋಠಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ಸೇಠನ ಅಂಗಡಿ. ಹಳೆಯ ಮಿಷನ್ ಕೊಳ್ಳುವುದು, ರಿಪೇರಿ ಮಾಡಿಸುವುದು, ಟ್ಯೂನಿಂಗ್ ಮಾಡಿಸಿ ಬಣ್ಣ ಬಳಿದು ಮಾರುವುದು. ಮಾರಾಟವಾಗದಿದ್ದರೆ ಆಳುಗಳ ಸಮೇತ ಬಾಡಿಗೆಗೆ ಕಳಿಸುವುದು. ಆಳುಗಳೆಂದರೆ ನಾವು, ದೇವದುರ್ಗದ ಕಡೆಯ ಕೇರಿಯ ಮಂದಿ. ಸೇಠನೂ ಬೀದರದವನು, ಕನ್ನಡದವನೇ. ಬೈಯುವಾಗ ಕನ್ನಡದಲ್ಲಿ ಬೈಯುತ್ತಾನೆ, ಅಷ್ಟೇ ಅವನು ಮಾಡಿದ ಉಪಕಾರ. ಮಾಣಿಕಪ್ಪ ಇಂಜಿನ್ ಬಿಚ್ಚುವ ಮಿಸ್ತ್ರಿ. ನನ್ನ ಕೆಲಸ ಮರ ಕೊಯ್ಯುವ ಹಲ್ಲಿನ ಚೈನಿನದು. ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತು, ಚೈನಿನ ಒಂದೊಂದೇ ಹಲ್ಲಿಗೆ ಅರ ಹಾಕಿ ಉಜ್ಜಿ ಹರಿತ ಮಾಡುವುದು. ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದೆ. ನಮ್ಮಕ್ಕನ ಕೈಯ ಚೈನು ಬೇವಿನ ಮರದಲ್ಲೂ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ ಎಂದು ಹುಲಗೇಶ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ನಾನು ಹಿಗ್ಗುತ್ತಿದ್ದೆ.

ಪೆಟ್ರೋಲು ಹಾಕಿ ಬ್ರಷ್ಷಿನಿಂದ ತಿಕ್ಕಿದೆ. ಕವರು ಬಿಚ್ಚಿದರೆ ಒಳಗೆ ಎಣ್ಣೆ, ಮರದ ಪುಡಿ, ಅವನು, ಎಲ್ಲ ಒಂದಾಗಿ ಕಪ್ಪಗೆ ಒಣಗಿತ್ತು. ಅವ್ವ ಸತ್ತಾಗ ಅವನಿಗೆ ಮೂರು ವರ್ಷ. ಮೈ ತೊಳೆದವಳು ನಾನು, ಮೂಗು ಒರೆಸಿದವಳು ನಾನು. ಈ ತೊಳೆಯುವುದೂ ನನಗೇ ಬಂತಲ್ಲ.

“ಜಲ್ದಿ ಮಾಡ. ಹನ್ನೊಂದು ಗಂಟೆಕ್ಕ ಗಿರಾಕಿ ಬರ್ತೈತಿ,” ಎಂದ ಸೇಠ.

ಹುಲಗೇಶ ಸತ್ತಿದ್ದು, ಸೇಠ ಬಾಡಿಗೆ ಮಿಷನ್ ಕೊಟ್ಟು ಕಳಿಸಿದ್ದ ಕೊಂಡಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಬಾಲ್ಕನಿಗೆ ಬಿಸಿಲು ಬರುವುದಿಲ್ಲವೆಂದು ಯಾರೋ ಮರಗಳ ಟೊಂಗೆ ಕಡಿಸುತ್ತಿದ್ದರು. ಏಣಿಯ ಮೇಲೆ ನಿಂತಿದ್ದ ಅವನ ಕೈಯಲ್ಲಿ ಮಿಷನ್ ಹಿಂದಕ್ಕೆ ಚಿಮ್ಮಿ ಕುತ್ತಿಗೆಗೆ ಬಂತು. ಪೊಲೀಸರ ಕಾಗದದಲ್ಲಿ ಮಾತ್ರ ಕುಡಿದ ಅಮಲಿನಲ್ಲಿ ತಾನೇ ಕೊಯ್ದುಕೊಂಡ ಎಂದು ಬರೆದಿತ್ತು. ಹಾಗೆ ಬರೆಸಿದವನು ಸೇಠ. ಠಾಣೆಯಲ್ಲಿ ಮಾತಾಡಿ ಮಿಷನ್ನನ್ನೂ ಬಿಡಿಸಿಕೊಂಡು ಬಂದಿದ್ದ.

ನಮ್ಮಪ್ಪ ಕಳ್ಳು ಮಾರುವ ಕಾಂಪೌಂಡಿನ ಎದುರು ಗಟಾರದಲ್ಲಿ ಬಿದ್ದು ಸತ್ತವನು. ಆ ಹೆಣವನ್ನು ಎತ್ತಿದ ಹುಲಗೇಶ ತನ್ನ ಮದುವೆಯಲ್ಲೂ ಒಂದು ಹನಿ ಮುಟ್ಟಿರಲಿಲ್ಲ. ಆದರೂ ನಾವಿರುವ ತಗಡಿನ ಶೆಡ್ಡಿನ ಸಾಲಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು, ಕುಡಿದು ಸತ್ತ. ಅವನ ಹೆಂಡತಿ ರೇಣುಕಾಳಿಗೆ ಆರು ತಿಂಗಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಒಂದು ದಿನ ನನ್ನನ್ನು ಕೇಳಿದಳು: “ಯಕ್ಕಾ, ಖರೇ ಹೇಳ್ರಿ. ಅವ್ರು ಕುಡ್ದಿದ್ರೇನು?” ಕಟ್ಟಿಕೊಂಡವಳಿಗೇ ಅನುಮಾನ ಹುಟ್ಟಿಸಿತ್ತು ಆ ಕಾಗದ. ಇಲ್ಲ ಎಂದೆ. ಮತ್ತೆ ಹೆಂಗ ಎಂದಳು. ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ.

ಚೈನಿನ ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತಡೆಯುವುದು ಅದೇ. ಅದನ್ನು ಕೂದಲೆಳೆಯಷ್ಟು ಉಜ್ಜಿದರೆ ಮಿಷನ್ ಚೆನ್ನಾಗಿ ಕೊಯ್ಯುತ್ತದೆ. ಹೆಚ್ಚು ಉಜ್ಜಿದರೆ ಹಲ್ಲು ಒಮ್ಮೆಗೇ ಆಳಕ್ಕೆ ಕಚ್ಚಿ, ಮಿಷನ್ ಹಿಡಿದವನ ಮೇಲೆಯೇ ಎಗರುತ್ತದೆ. ಹುಲಗೇಶ ಸಾಯುವ ಹಿಂದಿನ ದಿನ ಸೇಠ ನನ್ನ ತಲೆಯ ಮೇಲೆ ನಿಂತಿದ್ದ.

“ಇನ್ನೂ ತಗಿ. ನಾಳಿಗೆ ಎಂಟು ಮರ ಮುಗೀಬೇಕು.”

“ಭಾಳ ಆತ್ರೀ ಸೇಠ. ಹಿಂಗಾದ್ರ ಒದಿತೈತಿ.”

“ಒದ್ರ ನಿನಗ ಒದಿತೈತೇನ, ಬೋಸುಡಿ? ಹೇಳಿದಷ್ಟು ಮಾಡ.”

ಮಾಡಿದೆ. ನಾಳೆ ಆ ಮಿಷನ್ ಯಾರ ಕೈಗೆ ಹೋಗುತ್ತದೆಂದು ಕೇಳಲೂ ಇಲ್ಲ. ಬೇರೆ ಯಾರದೋ ಕೈಗೆ ಹೋಗಿ ಬೇರೆ ಯಾರೋ ಸತ್ತಿದ್ದರೆ ನಾನು ಎಷ್ಟು ದಿನ ಅಳುತ್ತಿದ್ದೆ? ಇದನ್ನು ನನ್ನನ್ನೇ ಕೇಳಿಕೊಂಡೆ. ಬಂದ ಉತ್ತರಕ್ಕೆ ನಾಚಿಕೆಯಾಯಿತು.

ಹೇಳಿದ ಹೊತ್ತಿಗೆ ಗಿರಾಕಿ ಬಂದ. ಬೂದೆಪ್ಪ ಅಂತ, ಲಿಂಗಸುಗೂರಿನ ಕಡೆಯವನು, ಕೂಲಿಗೆ ಮರ ಕಡಿಯುವವನು. ಸ್ವಂತದ್ದೊಂದು ಮಿಷನ್ ಇದ್ದರೆ ಯಾರ ಕೈಕೆಳಗೂ ಇರುವುದು ಬೇಡ ಎಂಬ ಆಸೆ ಅವನ ಮುಖದಲ್ಲೇ ಇತ್ತು. ಹುಲಗೇಶನದೂ ಅದೇ ಆಸೆ. ಸೇಠ ಬೂದೆಪ್ಪನಿಗೆ ಕುರ್ಚಿ ತೋರಿಸಲಿಲ್ಲ, ಚಹಾವನ್ನು ಮಾತ್ರ ತರಿಸಿದ, ಬಿಸಾಡುವ ಕಾಗದದ ಕಪ್ಪಿನಲ್ಲಿ. ನಾವು ಯಾವ ಕೇರಿಯವರೆಂದು ಊರು, ಹೆಸರು ಕೇಳಿದ ಕೂಡಲೇ ಸೇಠನಿಗೆ ತಿಳಿದುಬಿಡುತ್ತದೆ.

“ಒಬ್ಬ ಡಾಕ್ಟರ್ ಸಾಹೇಬ್ರು ಫಾರ್ಮ್‌ಹೌಸಿಗಂತ ತೊಗೊಂಡಿದ್ರು. ಎರಡೇ ಸಲ ಚಾಲೂ ಮಾಡ್ಯಾರ,” ಎಂದ ಸೇಠ.

ಮಾಣಿಕಪ್ಪ ಬೇರೆ ಚೈನು ಹಾಕಿ ಹಗ್ಗ ಎಳೆದ. ಇಂಜಿನ್ ಕೆಮ್ಮಿ ಹತ್ತಿಕೊಂಡಿತು. ಕಾರ್ಬೊರೇಟರಿನ ಸ್ಕ್ರೂವನ್ನು ಅತ್ತ ಇತ್ತ ತಿರುವಿ ದನಿ ಸಮ ಮಾಡಿದ. ಒಳ್ಳೆಯ ಕೈ ಅವನದು. ತಲೆ ಮಾತ್ರ ಎತ್ತಲಿಲ್ಲ. ಅಂಗಡಿಯ ಮುಂದೆ ಇಟ್ಟಿದ್ದ ಹುಣಸೆಯ ಕೊರಡನ್ನು ಬೂದೆಪ್ಪ ಕೊಯ್ದು ನೋಡಿ, ನಿಧಾನ ಐತಲ್ರೀ ಎಂದ.

ಸೇಠ ನನ್ನ ಕಡೆ ತಿರುಗಿದ. “ಸುಗಲಿ, ಇದರದಾ ಹಳೀ ಚೈನ್ ಐತಲ್ಲ, ತೊಳ್ದಿಯಲ್ಲ, ಅದಕ್ಕ ಇನ್ನೊಂದೀಟು ಅರ ಹಾಕಿ ಕೊಡ. ಹೆಂಗ ಕಚ್ಚತೈತಿ ತೋರ್ಸೋಣ ಇವನಿಗೆ.”

ಚೈನು ನನ್ನ ತೊಡೆಯ ಮೇಲಿತ್ತು. ಅರ ಕೈಯಲ್ಲಿತ್ತು. ಆರು ವರ್ಷದ ಅಭ್ಯಾಸಕ್ಕೆ ಕೈ ತಾನಾಗಿಯೇ ಮೊದಲ ಹಲ್ಲಿಗೆ ಹೋಯಿತು, ಸೂಳೆಮಗಂದು ಕೈ. ಅದನ್ನು ನೋಡಿ ನನಗೇ ಹೆದರಿಕೆಯಾಯಿತು. ಅರ ಕೆಳಗಿಟ್ಟು ಎದ್ದು ನಿಂತೆ.

“ಯಪ್ಪಾ, ಇದು ಡಾಕ್ಟರದಲ್ಲ,” ಎಂದೆ ಬೂದೆಪ್ಪನಿಗೆ. “ಈ ಮಿಷನ್ ನನ್ನ ತಮ್ಮನ ಕುತ್ತಿಗಿ ಕೊಯ್ದೈತಿ. ಚೈನ ಕೆಡಿಸಿದಾಕಿ ನಾನಾ. ಕೆಡಿಸು ಅಂದಾಂವ ಇಂವ.”

ಬೂದೆಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. ಮಿಷನ್ನನ್ನು ನೋಡಿದ, ನನ್ನನ್ನು ನೋಡಿದ.

“ಹಂಗಾದ್ರ ರೇಟ್ ಸ್ವಲ್ಪ ಕಮ್ಮಿ ಆಗತೈತೇನ್ರೀ ಸೇಠ?” ಎಂದ.

ಅವನ ಮೇಲೆ ಸಿಟ್ಟು ಬರಲಿಲ್ಲ. ಹುಲಗೇಶ ಅವನ ಜಾಗದಲ್ಲಿದ್ದರೆ ಅವನೂ ಅದನ್ನೇ ಕೇಳುತ್ತಿದ್ದ. ಚೈನನ್ನು ಬುತ್ತಿಯ ಚೀಲಕ್ಕೆ ಹಾಕಿಕೊಂಡು ಹೊರಟೆ.

“ಆ ಚೈನ್ ಇಟ್ಟು ಹೋಗಲೇ, ಕುತ್ತೀ. ಕಳವು ಅಂತ ಠಾಣಾದಾಗ ಬರಸ್ತೀನಿ.”

“ಬರಸ್ರಿ. ನಾನೂ ಅಲ್ಲಿಗಾ ಹೊಂಟೀನಿ.”

ಸೇಠ ನನ್ನನ್ನು ಹಿಡಿಯಲು ಮಾಣಿಕಪ್ಪನಿಗೆ ಹೇಳಿದ. ಮಾಣಿಕಪ್ಪ ಸ್ಕ್ರೂಡ್ರೈವರ್ ಬಿದ್ದಿತೆಂದು ಕೆಳಗೆ ಬಗ್ಗಿ ಹುಡುಕತೊಡಗಿದ. ನಾನು ಗಲ್ಲಿ ದಾಟುವವರೆಗೂ ಅವನಿಗೆ ಅದು ಸಿಗಲಿಲ್ಲ.

ಬಸ್ಸು ಹಿಡಿದು ಶೆಡ್ಡಿಗೆ ಬಂದೆ. ರೇಣುಕಾ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಒಂದು ಹಲ್ಲನ್ನು ಅವಳ ಬೆರಳಿಗೆ ಮುಟ್ಟಿಸಿ, ಉಬ್ಬು ಎಲ್ಲಿರಬೇಕಿತ್ತು, ಎಷ್ಟು ಉಜ್ಜಿದ್ದೇನೆ ಎಂದು ತೋರಿಸಿದೆ. ಅವಳು ಬೆರಳು ಎಳೆದುಕೊಂಡಳು.

“ನೀವಾ?” ಎಂದಳು. ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. “ನೀವು ಮಾಡಿದ್ದು ಉಂಡಾರ, ನೀವು ಹಾಸಿದ್ದರಾಗ ಮಲಗ್ಯಾರ. ನಿಮ್ಮ ಕೈಲೆ ಸತ್ರೇನು ಅವ್ರು?”

ಹೌದು ಎಂದೆ. ಅವಳ ಕಾಲು ಹಿಡಿಯಬೇಕೆನಿಸಿತು, ಹಿಡಿಯಲು ಧೈರ್ಯ ಬರಲಿಲ್ಲ. ಎದ್ದು ಠಾಣೆಯ ದಾರಿ ಹಿಡಿದೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಅವಳು ಹಿಂದೆ ಬರುತ್ತಿದ್ದಳು. ನಾನು ನಿಂತರೆ ಅವಳೂ ನಿಂತಳು.

ಠಾಣೆಯಲ್ಲಿ ಕೇಸು ಬರೆಯುವ ರೈಟರ್ ನಮ್ಮನ್ನು ಗುರುತು ಹಿಡಿದ. “ಕೇಸ್ ಬಂದ್ ಹೋಗಯಾ ಅಮ್ಮಾ, ಘರ್ ಜಾವ್,” ಎಂದ. ಕೇಸು ಮುಗಿದಿದೆ, ಮನೆಗೆ ಹೋಗಬೇಕಂತೆ. ನಾನು ಚೈನನ್ನು ಅವನ ಮೇಜಿನ ಮೇಲೆ ಇಟ್ಟೆ. ಗಾಜಿನ ಮೇಲೆ ಎಣ್ಣೆ ಹರಡಿತು. ಅವನು ಬೈದು ಕಾಗದಗಳನ್ನು ಪಕ್ಕಕ್ಕೆ ಎಳೆದುಕೊಂಡ. ನನಗೆ ಬರುವ ಮುರುಕು ಹಿಂದಿಯಲ್ಲಿ ಹಲ್ಲು, ಉಬ್ಬು, ಸೇಠನ ಮಾತು, ಎಲ್ಲ ಹೇಳಿದೆ. ಅವನು ದಡ್ಡನೇನಲ್ಲ, ಬೇಗ ತಿಳಿದುಕೊಂಡ. ನಗುತ್ತಾ ಕುರ್ಚಿಗೆ ಒರಗಿದ. ಇದನ್ನು ಬರೆದರೆ ಸೇಠ ವಕೀಲನನ್ನು ಇಟ್ಟುಕೊಂಡು ಹೊರಗೆ ಬರುತ್ತಾನೆ, ಒಳಗೆ ಹೋಗುವವಳು ನೀನು, ಗೊತ್ತಿದೆಯೇ ಎಂದು ಕೇಳಿದ.

ನನ್ನ ಹಿಂದಿ ಅಲ್ಲಿಗೆ ಮುಗಿಯಿತು. ಕನ್ನಡದಲ್ಲೇ ಅಂದೆ: “ಎರಡೂ ಬರೀರಿ. ಅಂವ ಹೇಳಿದ್ದೂ ಬರೀರಿ, ನಾ ಮಾಡಿದ್ದೂ ಬರೀರಿ. ಕುಡ್ದಿದ್ದ ಅನ್ನೋದೊಂದು ಹೊಡದು ಹಾಕ್ರಿ.”

ಅವನಿಗೆ ಎಷ್ಟು ತಿಳಿಯಿತೋ. ಫೋನು ತೆಗೆದು ನೋಡುತ್ತಾ ಕೂತ. ನಾನು ನಿಂತೇ ಇದ್ದೆ. ಗೋಡೆಯ ಹತ್ತಿರದ ಬೆಂಚಿನ ಮೇಲೆ ಕೂತಿದ್ದ ರೇಣುಕಾ ಹೊಟ್ಟೆಗೆ ಒಂದು ಕೈ ಆನಿಸಿಕೊಂಡು ಎದ್ದು ಬಂದಳು. ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡು, ರೈಟರನ ಫೋನಿಗೂ ಕಣ್ಣಿಗೂ ನಡುವೆ ಹಿಡಿದಳು.

“ಬರೀರಿ,” ಎಂದಳು. ಅವನು ಪೆನ್ನು ತೆಗೆದುಕೊಳ್ಳಲಿಲ್ಲ. ಅವಳು ಕೈ ಇಳಿಸಲಿಲ್ಲ.