ಪಾರ್ಸಲ್ ಬೇಡ, ಇಲ್ಲೇ ತಿಂತೀವಿ

ಕನ್ನಡಕಕ್ಕೆ ಗಾಜು ಕೂರಿಸಲು ಎರಡು ಗಂಟೆ ಬೇಕು ಎಂದ ಅಂಗಡಿಯವನು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಗಲೇ ಮಧ್ಯಾಹ್ನ ಒಂದೂವರೆ. ಹುಲ್ಲಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿದವರು ನಾವು. ಹೊಟ್ಟೆ ತಾಳ ಹಾಕುತ್ತಿತ್ತು.

"ಬಸ್‌ಸ್ಟ್ಯಾಂಡಲ್ಲಿ ಕುಂತ್ಕಳನ ಬಾ ಶೃತಿ," ಎಂದರು ಅತ್ತೆ.

ನಂಜನಗೂಡಿಗೆ ಬಂದಾಗ ನಮ್ಮ ಮನೆಯ ಹೆಂಗಸರು ಮಾಡುವುದೇ ಅದು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಸೆರಗಿನ ಮರೆಯಲ್ಲಿ ಎರಡು ಬಾಳೆಹಣ್ಣು ತಿನ್ನುವುದು. ಹೋಟೆಲಿನಲ್ಲಿ ಕೂತು ತಿನ್ನುವವರು ಗಂಡಸರು. ಮಾವ ದೇವರಾಜು ಮತ್ತು ನನ್ನ ಗಂಡ ಕಿರಣ್ ಪ್ರತಿ ಭಾನುವಾರ ಇಲ್ಲಿಗೆ ಬಂದು, ಹಸುಗಳಿಗೆ ಹಿಂಡಿ, ಬೂಸಾ ಕೊಂಡು, ಬಸ್‌ಸ್ಟ್ಯಾಂಡ್ ಪಕ್ಕದ ಚೈನೀಸ್ ಅಂಗಡಿಯಲ್ಲಿ ಗೋಬಿ ಮಂಚೂರಿ, ನೂಡಲ್ಸ್ ತಿಂದು, ಎದುರಿನ ಸ್ವೀಟ್ ಅಂಗಡಿಯಲ್ಲಿ ಜಿಲೇಬಿ ತಿಂದು, ಮನೆಗೆ ಒಂದು ಪ್ಲೇಟ್ ಗೋಬಿ ಪಾರ್ಸಲ್ ತರುತ್ತಾರೆ. ಹನ್ನೆರಡು ವರ್ಷದಿಂದ ಒಂದು ವಾರವೂ ತಪ್ಪಿಲ್ಲ. ಇದರಿಂದ ಮಾವನಿಗೆ ಬೀದಿಯಲ್ಲೆಲ್ಲ ಒಳ್ಳೆಯ ಹೆಸರು. ಹೆಂಡತಿಯನ್ನು ಮರೆಯದ ಗಂಡಸಂತೆ.

ನಾನು ಆ ಮನೆಗೆ ಸೊಸೆಯಾಗಿ ಬಂದು ಐದು ವರ್ಷ. ತವರು ಟಿ. ನರಸೀಪುರ. ಕಾಲೇಜಿಗೆ ಹೋಗುವಾಗ ಗೆಳತಿಯರ ಜೊತೆ ಗೋಬಿ ಗಾಡಿಯ ಮುಂದೆ ನಿಂತು, ಬಾಯಿ ಸುಟ್ಟುಕೊಂಡು ತಿಂದವಳು ನಾನು. ಮದುವೆಯಾದ ಮೇಲೆ ನನ್ನ ಪಾಲಿಗೂ ಪಾರ್ಸಲ್ಲೇ ಆಯಿತು. ಜಗಳ ಮಾಡಬಹುದಿತ್ತು, ಮಾಡಲಿಲ್ಲ.

ಅವತ್ತು ಮಾತ್ರ ಹಸಿವು ಜೋರಾಗಿತ್ತು, ಸಿಟ್ಟೂ ಜೋರಾಗಿತ್ತು. "ಬನ್ನಿ ಅತ್ತೆ, ಮಾವ ತಿನ್ನೋ ಅಂಗಡಿಗೇ ಹೋಗಾಣ," ಎಂದು ಅವರ ಕೈ ಹಿಡಿದು ಎಳೆದುಕೊಂಡು ಹೋದೆ.

ಬಾಗಿಲಲ್ಲೇ ಸಪ್ಲೈಯರ್ ಕೇಳಿದ. "ಪಾರ್ಸಲ್ಲಾ ಅಮ್ಮ?"

"ಪಾರ್ಸಲ್ ಬೇಡ, ಇಲ್ಲೇ ತಿಂತೀವಿ."

"ಗಂಡಸ್ರು ಹಿಂದೆ ಬತ್ತಾವ್ರಾ?"

ನನಗೆ ಮೈಯೆಲ್ಲ ಉರಿಯಿತು. "ಯಾಕೆ, ಅಗಿಯೋಕೂ ಅವರೇ ಬೇಕಾ?" ಎಂದೆ. ಅವನು ನಕ್ಕು, ಮೂಲೆಯಲ್ಲಿ ಪರದೆ ಬಿಟ್ಟಿದ್ದ ಫ್ಯಾಮಿಲಿ ರೂಮ್ ತೋರಿಸಿದ. ಇಣುಕಿದೆ. ಒಳಗೆ ಫ್ಯಾನಿರಲಿಲ್ಲ, ಒಂದು ಮೂಟೆ ಈರುಳ್ಳಿ ಇತ್ತು. ತಿರುಗಿ ಬಂದು ರಸ್ತೆ ಕಾಣುವ ಮೊದಲನೇ ಮೇಜಿಗೇ ಅತ್ತೆಯನ್ನು ಕೂರಿಸಿದೆ. ಎದ್ದು ಓಡಲು ತಯಾರಾದವರ ಹಾಗೆ ಅವರು ಕುರ್ಚಿಯ ತುದಿಯಲ್ಲಿ ಕೂತರು.

ಗೋಬಿ ಬಂತು. ಹಬೆಯಾಡುತ್ತಿತ್ತು. ಅತ್ತೆ ಒಂದು ತುಂಡು ಎತ್ತಿ ಕಚ್ಚಿದರು. ಕರುಂ ಎಂದಿತು. ಬೆಚ್ಚಿದವರ ಹಾಗೆ ಅರ್ಧ ತುಂಡನ್ನು ಪ್ಲೇಟಿನಲ್ಲೇ ಇಟ್ಟು, ಸಪ್ಲೈಯರನ್ನು ಕರೆದರು.

"ಇದು ಬೆಂದಿಲ್ಲ ಕಣಪ್ಪ. ಗಟ್ಟಿಗದೆ. ಇನ್ನೊಂಚೂರು ಬೇಯಿಸ್ಕ ಬಾ."

"ಗೋಬಿ ಇಂಗೇ ಇರದು ಕಣಮ್ಮ, ಗರಿಗರಿಯಾಗಿ."

"ನಂಗೆ ಏಳಕ್ ಬರ್ಬೇಡ. ಅನ್ನೆರಡು ವರ್ಸದಿಂದ ನಿಮ್ಮಂಗಡಿ ಗೋಬಿನೇ ತಿಂತಿವ್ನಿ. ಮೆತ್ತಗಿರ್ತದೆ, ಅಗಿಯಂಗೇ ಇಲ್ಲ."

ಪಕ್ಕದ ಮೇಜಿನ ಹುಡುಗರು ಕಿಸಕ್ಕೆಂದರು. ಸಪ್ಲೈಯರ್ ನಗಲಿಲ್ಲ. "ನೀವು ಪಾರ್ಸಲ್ ತಿಂದಿರ್ತೀರ ಅಮ್ಮ. ಕವರಲ್ಲಿ ಬೆವ್ತು ಮೆತ್ತಗಾಗೋಯ್ತದೆ. ಕುಂತ್ಕಂಡು ತಿನ್ನೋರ್ಗೆ ಇಂಗೇ ಕೊಡದು," ಎಂದು ಹೇಳಿ ಹೋದ.

ಅತ್ತೆ ನನ್ನತ್ತ ತಿರುಗಿದರು. "ಔದಾ?"

"ಹೌದು ಅತ್ತೆ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅತ್ತೆ ಮನೆಯಲ್ಲಿ ಎಷ್ಟೋ ಸಲ ಗೋಬಿ ಮಾಡಿದ್ದರು. ಎಣ್ಣೆಯಿಂದ ತೆಗೆದಾಗ ಅದು ಗರಿಗರಿಯಾಗಿಯೇ ಇರುತ್ತಿತ್ತು. ಸಾಸ್ ಕಲೆಸಿದ ಮೇಲೆ "ಓಟ್ಲಲ್ಲಿ ಮಾಡ್ದಂಗೆ ಆಗ್ಲಿ" ಎಂದು ತಟ್ಟೆ ಮುಚ್ಚಿ ಅರ್ಧ ಗಂಟೆ ಇಟ್ಟು, ಬೇಕೆಂದೇ ಮೆತ್ತಗೆ ಮಾಡುತ್ತಿದ್ದರು. ಅದನ್ನು ತಿಂದು ಮಾವ ನಗುತ್ತಿದ್ದರು. "ನಿಂಗೆ ಈ ಚೈನೀಸೆಲ್ಲ ಬರಕಿಲ್ಲ, ಮುದ್ದೆ ತೊಳ್ಸು ಸಾಕು." ಅತ್ತೆ ಪೆಚ್ಚಾಗಿ ತಾವೂ ನಗುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನಾನು ಗಾಡಿ ಮುಂದೆ ನಿಂತು ತಿಂದ ಕಥೆಯೂ ಹೊರಗೆ ಬರುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಪುಕ್ಕಲಿ ನಾನು.

ಅತ್ತೆ ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಬೆನ್ನು ಆನಿಸಿ ಪೂರ್ತಿ ಕೂತರು. ಇಟ್ಟಿದ್ದ ಅರ್ಧ ತುಂಡನ್ನು ಬಾಯಿಗೆ ಹಾಕಿಕೊಂಡು ಸದ್ದು ಮಾಡಿಕೊಂಡು ಅಗಿದರು.

ಅದೇ ಹೊತ್ತಿಗೆ ಚಿಕ್ಕಸ್ವಾಮಿ ಒಳಗೆ ಬಂದ. ಮಾವನ ಚಿಕ್ಕಪ್ಪನ ಮಗ, ನಮ್ಮ ಬೀದಿಯವನೇ. ನಮ್ಮನ್ನು ಕಂಡು ಅವನ ಕಣ್ಣುಗಳು ಅಗಲವಾದವು.

"ಏನತ್ಗಮ್ಮ, ನೀವಿಲ್ಲಿ? ಅಣ್ಣ ಎಲ್ಲಿ?"

"ಮನೇಲವ್ರೆ."

"ನೀವಿಬ್ರೇನಾ? ಅದೂ ರೋಡ್ ಕಡೆ ಮಕ ಮಾಡ್ಕಂಡು?" ಉತ್ತರಕ್ಕೂ ಕಾಯದೆ ಫೋನ್ ಹಿಡಿದು ಹೊರಗೆ ಹೋದ.

ಎರಡು ನಿಮಿಷಕ್ಕೆ ನನ್ನ ಫೋನ್ ಹೊಡೆದುಕೊಂಡಿತು. ಮಾವನದು.

"ಸ್ಪೀಕರ್ ಆಕು, ನನ್ ಕೈಯೆಲ್ಲ ಸಾಸಾಗದೆ," ಎಂದರು ಅತ್ತೆ.

"ಏನಮ್ಮೀ ಇದು?" ಮಾವನ ದನಿ ಅಂಗಡಿಗೆಲ್ಲ ಕೇಳಿತು. "ತಿನ್ನಂಗಾದ್ರೆ ಪಾರ್ಸಲ್ ಕಟ್ಟಿಸ್ಕಂಡ್ ಬಾ. ಬೀದೀಲಿ ಕುಂತ್ಕಂಡು ಮಾನ ಕಳೀಬೇಡ."

"ಬೀದೀಲಿ ಕುಂತಿಲ್ಲ, ಕುರ್ಚಿ ಮ್ಯಾಲೆ ಕುಂತಿವ್ನಿ," ಎಂದರು ಅತ್ತೆ. "ನೀವು ವಾರವಾರ ಕುಂತ್ಕಳದೂ ಇಂತದ್ರ ಮ್ಯಾಲೇ."

"ಈಗ ಎದ್ ಬತ್ತೀಯೋ ಇಲ್ವೋ?"

"ತಿಂದ್ಬುಟ್ಟು ಬತ್ತೀನಿ. ಆರೋಯ್ತದೆ, ಫೋನ್ ಮಡಗಿ."

ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಅತ್ತೆ ಗಂಡನಿಗೆ ಹೀಗೆ ಹೇಳಿದ್ದು ಇದೇ ಮೊದಲಿರಬೇಕು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಅತ್ತೆ ಮಾತ್ರ ಇನ್ನೊಂದು ಪ್ಲೇಟಿಗೆ ಹೇಳಿದರು. ಒಳಗೆ ಬಂದ ಚಿಕ್ಕಸ್ವಾಮಿ ನಮ್ಮ ಮೇಜು ದಾಟಿ, ಎಲ್ಲೂ ಜಾಗ ಸಿಗದೆ, ಪರದೆ ಸರಿಸಿ ಈರುಳ್ಳಿ ಮೂಟೆಯ ಪಕ್ಕ ಕೂತು ತಿಂದ.

ಕೈ ತೊಳೆದು ಬಂದ ಅತ್ತೆ, "ಒಂದು ಪ್ಲೇಟ್ ಪಾರ್ಸಲ್ ಕಟ್ಟಪ್ಪ, ನಮ್ಮೆಜಮಾನ್ರಿಗೆ," ಎಂದರು. ನನಗೆ ರೇಗಿತು. ಇಷ್ಟೆಲ್ಲ ಆದ ಮೇಲೂ ಗಂಡನ ಸೇವೆಯೇ ಎಂದು ಮುಖ ಊದಿಸಿಕೊಂಡೆ. ಕನ್ನಡಕ ಇಸಿದುಕೊಂಡು ಹೊರಟಾಗ ಅತ್ತೆ, "ಈ ಊರಲ್ಲಿ ಇನ್ನೇನೇನು ಬಿಸೀದು ಸಿಕ್ತದೆ?" ಎಂದು ಕೇಳಿದರು. ಸ್ವೀಟ್ ಅಂಗಡಿಗೆ ಕರೆದುಕೊಂಡು ಹೋದೆ. ಹೊಸ ಕನ್ನಡಕದಲ್ಲಿ ಬಾಣಲೆಯನ್ನೇ ನೋಡುತ್ತ, ಪಾಕ ಸೋರುವ ಎರಡು ಜಿಲೇಬಿ ತಿಂದರು.

ಮನೆ ಸೇರುವಾಗ ಸಂಜೆ. ಮಾವ ಜಗಲಿಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದರು, ಕಿರಣ್ ಪಕ್ಕದಲ್ಲಿ ನಿಂತಿದ್ದ. ಅತ್ತೆ ಸೀದಾ ಒಳಗೆ ಹೋಗಿ, ಪಾರ್ಸಲ್ ಬಿಚ್ಚಿ, ತಟ್ಟೆಯಲ್ಲಿ ಹಾಕಿ ತಂದು ಮಾವನ ಮುಂದೆ ಇಟ್ಟರು. ತಪ್ಪೊಪ್ಪಿಗೆ ಎಂದುಕೊಂಡಿರಬೇಕು, ಮಾವನ ಮುಖ ಸ್ವಲ್ಪ ಸಡಿಲವಾಯಿತು. ಒಂದು ತುಂಡು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದರು.

"ಥೂ, ಇದೇನಮ್ಮೀ, ನೆಂದ ಬಟ್ಟೆಯಂಗದೆ? ಯಾವನು ಕೊಟ್ಟ ಇದ?"

"ನಿಮ್ಮಂಗಡಿಯವ್ನೇ."

"ಇದ ಯಾರಾದ್ರೂ ತಿಂತಾರಾ?"

"ಅನ್ನೆರಡು ವರ್ಸ ನಾನು ತಿಂದಿವ್ನಿ," ಎಂದರು ಅತ್ತೆ.

ಮಾವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಕಿರಣ್ ನನ್ನ ಕಡೆ ನೋಡಿದ. ನಾನು ಕಣ್ಣು ತಗ್ಗಿಸಲಿಲ್ಲ.

"ನಂಗೆ ಗೊತ್ತಿರ್ನಿಲ್ಲ," ಎಂದರು ಮಾವ, ತಗ್ಗಿದ ದನಿಯಲ್ಲಿ. ಅದು ನಿಜವೇ. ಹೊಟ್ಟೆ ತುಂಬಿಸಿಕೊಂಡು ಬಂದವರು ಪಾರ್ಸಲ್ಲನ್ನು ಯಾಕೆ ಮುಟ್ಟಿ ನೋಡುತ್ತಾರೆ?

"ಗೊತ್ತಾಯ್ತಲ್ಲ ಈಗ," ಎಂದರು ಅತ್ತೆ. ತಟ್ಟೆಯನ್ನು ಇನ್ನಷ್ಟು ಹತ್ತಿರ ತಳ್ಳಿದರು. "ಪೂರ್ತಿ ತಿನ್ನಿ, ಬಿಸಾಕಬ್ಯಾಡಿ. ಭಾನ್ವಾರ ನಾನೂ ಶೃತಿನೂ ನಂಜನಗೂಡಿಗೆ ಓಯ್ತೀವಿ. ನೀವೂ ಬರದಾದ್ರೆ ಬನ್ನಿ. ಇಲ್ದಿದ್ರೆ ಮನೇಲೇ ಇರಿ, ಪಾರ್ಸಲ್ ತತ್ತೀವಿ."